ಪುಟದಲ್ಲಿರುವುದು ಚಿತ್ರವಲ್ಲ, ಅದರ ವಿಳಾಸ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಗೆಳೆಯರ ಬಳಗದಲ್ಲಿ ಎರಡು ದಿನ ಬಿಡದೆ ನಡೆದ ವಾಗ್ವಾದಕ್ಕೆ ಕಾರಣ ಐದು ಚಿತ್ರಗಳು. ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ತನ್ನ ಅಡಿಕೆ ತೋಟದ ಬಗ್ಗೆ ಒಂದು ವೆಬ್‌ಪುಟ ಮಾಡಿ, ಅದರ ಕೊಂಡಿಯನ್ನು ನಮಗೆಲ್ಲ ಕಳುಹಿಸಿದ್ದ. ಅವನ ಮ್ಯಾಕ್ ಕಂಪ್ಯೂಟರಿನಲ್ಲಿ ಐದೂ ಚಿತ್ರಗಳು ಕಾಣುತ್ತಿದ್ದವು. ಐಫೋನ್ ಇರುವ ಗೆಳತಿಗೆ ಮೂರು ಕಂಡವು. ಕ್ರೋಮ್ ಬಳಸುವವನಿಗೆ ಎರಡೇ ಕಂಡು, ಉಳಿದ ಮೂರರ ಜಾಗದಲ್ಲಿ ಹರಿದ ಚಿತ್ರದ ಪುಟ್ಟ ಗುರುತು ಬಂತು. ಫೈರ್‌ಫಾಕ್ಸ್ ಬಳಸುವವನಿಗೂ ಎರಡೇ. "ನಿನ್ನ ಬ್ರೌಸರ್ ಸರಿಯಿಲ್ಲ ಮಾರಾಯ, ಮೊದಲು ಅದನ್ನು ಬದಲಾಯಿಸು" ಎಂದು ಒಬ್ಬ, "ಬೇರೆ ಪುಟಗಳೆಲ್ಲ ನನಗೆ ಸರಿಯಾಗಿಯೇ ಬರುತ್ತವೆ, ನಿನ್ನ ಪುಟವೇ ಕೆಟ್ಟಿದೆ" ಎಂದು ಇನ್ನೊಬ್ಬ. ಮೂರನೆಯವನು ಇದು ವೈರಸ್ಸಿನ ಕೆಲಸವೆಂದು ಎಲ್ಲರನ್ನೂ ಹೆದರಿಸಿದ. ಓದಿಕೊಂಡವರು, ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂರುವವರು, ಕಾಣದ ಚಿತ್ರವೊಂದಕ್ಕೆ ಕಾರಣವನ್ನು ಹುಡುಕುವ ಬದಲು ಅದನ್ನು ಯಾರ ತಲೆಗೆ ಕಟ್ಟುವುದೆಂದು ಹುಡುಕುತ್ತಿದ್ದುದು ನನಗೆ ನಿಜವಾಗಿಯೂ ಬೇಸರ ತಂದಿತು.

ಈ ಜಗಳಗಳ ಮೂಲದಲ್ಲಿ ಒಂದೇ ಒಂದು ತಪ್ಪು ತಿಳಿವಳಿಕೆ ಇದೆ. ಅಚ್ಚಾದ ಪುಸ್ತಕದ ಹಾಳೆಯಲ್ಲಿ ಚಿತ್ರ ಇರುವ ಹಾಗೆ ವೆಬ್‌ಪುಟದಲ್ಲಿಯೂ ಚಿತ್ರ ಇರುತ್ತದೆ ಎಂದು ನಾವು ಭಾವಿಸುತ್ತೇವೆ. ಸಾಮಾನ್ಯವಾಗಿ ಅದು ಅಲ್ಲಿರುವುದೇ ಇಲ್ಲ. ಪುಟದಲ್ಲಿರುವುದು ಚಿತ್ರದ ವಿಳಾಸ ಮಾತ್ರ. ಮದುವೆ ಮನೆಯ ಪಂಕ್ತಿಯಲ್ಲಿ ಮೊದಲು ಬರುವುದು ಬರಿಯ ಬಾಳೆಎಲೆ. ಉಪ್ಪಿಗೆ, ಕೋಸಂಬರಿಗೆ, ಪಾಯಸಕ್ಕೆ ಅದರಲ್ಲಿ ಗೊತ್ತಾದ ಜಾಗಗಳಿರುತ್ತವೆ, ಪದಾರ್ಥ ಮಾತ್ರ ಆಮೇಲೆ ಬರುತ್ತದೆ. ಬ್ರೌಸರ್ ಇಲ್ಲಿ ಬಡಿಸುವವನು. ಎಲೆ ಹಾಕಿದ ಮೇಲೆ ಒಂದೊಂದು ಪದಾರ್ಥಕ್ಕೂ ಅವನು ಬೇರೆಬೇರೆಯಾಗಿ ಅಡುಗೆಮನೆಗೆ ಹೋಗಿ ಕೇಳಬೇಕು. ಕೆಲವೊಮ್ಮೆ ಆ ಅಡುಗೆಮನೆ ಬೇರೆಯೇ ದೇಶದಲ್ಲಿರುತ್ತದೆ. ಹೇಳಿದ ಕಡೆ ಪಾಯಸದ ಪಾತ್ರೆ ಇಲ್ಲದಿದ್ದರೆ ಅವನು ಬರಿಗೈಯಲ್ಲಿ ಮರಳುತ್ತಾನೆ, ಎಲೆಯ ಆ ಮೂಲೆ ಖಾಲಿ ಉಳಿಯುತ್ತದೆ. 404 ಎಂಬ ಸಂಖ್ಯೆ ಅಡುಗೆಮನೆಯಿಂದ, ಅಂದರೆ ಸರ್ವರ್‌ನಿಂದ, ಬರುವ "ಆ ಹೆಸರಿನದ್ದು ಇಲ್ಲಿಲ್ಲ" ಎಂಬ ಉತ್ತರ. ಹರಿದ ಚಿತ್ರದ ಗುರುತು ಆ ಉತ್ತರವನ್ನು ನಮಗೆ ತಲುಪಿಸುವ ಬಗೆ.

ಈ ಏರ್ಪಾಟು ಹುಟ್ಟಿದ್ದೂ ಒಂದು ಚರ್ಚೆಯ ನಡುವೆಯೇ. ಟಿಮ್ ಬರ್ನರ್ಸ್-ಲೀ 1990ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಬ್ರೌಸರಿನಲ್ಲಿ ಅಕ್ಷರಗಳ ನಡುವೆ ಚಿತ್ರ ಬರುತ್ತಿರಲಿಲ್ಲ. ಕೊಂಡಿಯನ್ನು ಒತ್ತಿದರೆ ಅದು ಬೇರೊಂದು ಕಿಟಕಿಯಲ್ಲಿ ತೆರೆದುಕೊಳ್ಳುತ್ತಿತ್ತು. 1993ರ ಫೆಬ್ರುವರಿ 25ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಎಂಬ ಬ್ರೌಸರ್ ಕಟ್ಟುತ್ತಿದ್ದ ತರುಣ ಮಾರ್ಕ್ ಆಂಡ್ರೀಸನ್, ಐಎಂಜಿ ಎಂಬ ಹೊಸ ಗುರುತನ್ನೂ ಅದರೊಳಗೆ ಚಿತ್ರದ ವಿಳಾಸವನ್ನೂ ಬರೆಯುವ ಸಲಹೆಯನ್ನು ವೆಬ್ ಕಟ್ಟುತ್ತಿದ್ದ ಇತರರ ಮುಂದಿಟ್ಟ. ಚಿತ್ರವೊಂದಕ್ಕೇ ಏಕೆ, ಯಾವ ಬಗೆಯ ಕಡತವನ್ನಾದರೂ ಸೇರಿಸಬಲ್ಲ ವ್ಯಾಪಕವಾದ ಗುರುತು ಇರಲಿ ಎಂದು ಕೆಲವರು ವಾದಿಸಿದರು. ಬರ್ನರ್ಸ್-ಲೀ ಬೇರೊಂದು ದಾರಿ ಸೂಚಿಸಿದರು. ಚರ್ಚೆ ಒಂದು ನೆಲೆಗೆ ಬರುವ ಮೊದಲೇ ಮೊಸಾಯಿಕ್ ತನ್ನ ಐಎಂಜಿಯೊಂದಿಗೆ ಜನರ ಕೈ ಸೇರಿತು. ಮೂವತ್ತು ವರ್ಷಗಳ ಮೇಲೂ ನನ್ನ ಗೆಳೆಯನ ಅಡಿಕೆ ತೋಟ ಕಾಣಬೇಕಾದರೆ ಅದೇ ಮೂರಕ್ಷರ ಬೇಕು.

ಹಾಗಾದರೆ ಎಲ್ಲ ಬ್ರೌಸರುಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವುಗಳ ನಡುವೆ ನಿಜವಾದ ವ್ಯತ್ಯಾಸಗಳಿವೆ, ಆದರೆ ಜಗಳವಾಡುವವರು ನೋಡುವುದು ಅಲ್ಲಿಗಲ್ಲ. ಹಳ್ಳಿಯಲ್ಲಿ ಇಪ್ಪತ್ತು ವರ್ಷ ಅಂಚೆ ಹಂಚಿದವನಿಗೆ ಲಕೋಟೆಯ ಮೇಲೆ "ಮೇಲಿನಮನೆ" ಎಂಬುದನ್ನು ತಪ್ಪಾಗಿ ಬರೆದಿದ್ದರೂ ಕಾಗದ ಯಾರಿಗೆಂದು ಗೊತ್ತಾಗುತ್ತದೆ. ಹೊಸಬನಾದರೆ ಅದನ್ನು ವಾಪಸು ಕಳುಹಿಸುತ್ತಾನೆ. ಎರಡು ದಶಕಗಳ ಹಿಂದೆ ವಿಂಡೋಸ್ ರೂಢಿಯಂತೆ ವಿಳಾಸದಲ್ಲಿ ಮುಮ್ಮುಖ ಓರೆಗೆರೆಯ (/) ಬದಲು ಹಿಮ್ಮುಖ ಓರೆಗೆರೆ (\) ಹಾಕಿದವರ ಚಿತ್ರಗಳು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣುತ್ತಿದ್ದವು, ಮೊಜಿಲ್ಲಾದಲ್ಲಿ ಕಾಣುತ್ತಿರಲಿಲ್ಲ. ಮೊದಲನೆಯದು ಆ ತಪ್ಪನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತಿತ್ತು, ಎರಡನೆಯದು ಬರೆದಿದ್ದನ್ನು ಬರೆದ ಹಾಗೆಯೇ ಓದುತ್ತಿತ್ತು. ಜನ ಮೊದಲನೆಯದನ್ನು ಒಳ್ಳೆಯ ಬ್ರೌಸರ್ ಎಂದರು. ಕಳುಹಿಸುವಾಗ ಬಿಗಿಯಾಗಿರು, ಸ್ವೀಕರಿಸುವಾಗ ಉದಾರಿಯಾಗಿರು ಎಂಬ ತತ್ತ್ವವನ್ನು ಜಾನ್ ಪೋಸ್ಟೆಲ್ 1980ರಲ್ಲೇ ಇಂಟರ್ನೆಟ್ಟಿನ ನಿಯಮಗಳಲ್ಲಿ ಬರೆದಿದ್ದರು. ಸ್ವೀಕರಿಸುವವನ ಉದಾರತೆ ಕಳುಹಿಸುವವನಿಗೆ ತನ್ನ ತಪ್ಪು ತಿಳಿಯದಂತೆ ಮಾಡುತ್ತದೆ ಎಂಬುದು ಆ ತತ್ತ್ವದ ಇನ್ನೊಂದು ಮುಖ. ಚಿತ್ರ ತೋರಿಸಿದ ಬ್ರೌಸರೇ ಮೇಲೆಂದು ತೀರ್ಮಾನಿಸುವ ಮೊದಲು, ಅದು ಯಾವುದನ್ನು ತಿದ್ದಿಕೊಂಡು ತೋರಿಸಿತು ಎಂದು ಕೇಳಬೇಕು.

ಗೆಳೆಯನ ಪುಟದ ಒಂದು ದೋಷ ಬೇಗ ಸಿಕ್ಕಿತು. ಕ್ಯಾಮೆರಾ ಚಿತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಉಳಿಸಿತ್ತು, ಅವನು ಪುಟದಲ್ಲಿ ಸಣ್ಣಕ್ಷರಗಳಲ್ಲಿ ಬರೆದಿದ್ದ. ಅವನು ನೋಡುತ್ತಿದ್ದುದು ತನ್ನ ಕಂಪ್ಯೂಟರಿನಲ್ಲೇ ಇದ್ದ ಪ್ರತಿಯನ್ನು. ಅವನ ಮ್ಯಾಕ್‌ಗೆ ಎರಡೂ ಒಂದೇ, ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಸರ್ವರ್‌ಗೆ ಅವು ಎರಡು ಬೇರೆ ಹೆಸರುಗಳು. ಗೆಳತಿಗೆ ಮಾತ್ರ ಕಂಡ ಚಿತ್ರ ಹೈಕ್ ಎಂಬ ರೂಪದಲ್ಲಿತ್ತು. ಇದನ್ನು ಐಫೋನ್‌ಗಳು 2017ರಿಂದ ಬಳಸುತ್ತಿವೆ. ಬ್ರೌಸರುಗಳ ಪೈಕಿ ಐಫೋನಿನ ಜೊತೆಗೇ ಬರುವ ಸಫಾರಿ 2023ರ ತನ್ನ 17ನೆಯ ಆವೃತ್ತಿಯಿಂದ ಅದನ್ನು ತೋರಿಸುತ್ತದೆ, ಕ್ರೋಮ್ ಮತ್ತು ಫೈರ್‌ಫಾಕ್ಸ್ ತೋರಿಸುವುದಿಲ್ಲ. ಇಡೀ ಜಗಳದಲ್ಲಿ ಬ್ರೌಸರಿಗೆ ಸಂಬಂಧಪಟ್ಟದ್ದು ಈ ಒಂದು ಚಿತ್ರ.

ಉಳಿದದ್ದು "ತೋಟ" ಎಂದು ಕನ್ನಡದಲ್ಲೇ ಹೆಸರಿಟ್ಟ ಚಿತ್ರ, ನನಗೆ ಅತ್ಯಂತ ಸಂತೋಷ ಕೊಟ್ಟದ್ದೂ ಅದೇ. ಪುಟದಲ್ಲಿ "ತೋಟ" ಎಂದಿತ್ತು, ಸರ್ವರ್‌ನಲ್ಲಿದ್ದ ಕಡತದ ಹೆಸರೂ "ತೋಟ". ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದರೂ ವ್ಯತ್ಯಾಸವಿಲ್ಲ, ಆದರೂ ಉತ್ತರ 404. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಕಾಗುಣಿತವನ್ನು ನೆನಪಿಸಿಕೊಳ್ಳಿ. "ತೋ" ಎಂಬಲ್ಲಿ ತಕಾರಕ್ಕೆ ಸೇರಿದ ಓಕಾರದ ಚಿಹ್ನೆಗೆ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್ ಎಂಬ ಪಟ್ಟಿ ಒಂದೇ ಸಂಕೇತವನ್ನು ಕೊಟ್ಟಿದೆ. ಅದೇ ಚಿಹ್ನೆಯನ್ನು ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿ ಬರೆಯಲೂ ಅವಕಾಶವಿದೆ. ಅಚ್ಚಿನ ಮನೆಯಲ್ಲಿ ಒಂದೇ ಮೊಳೆಯಿಂದ ಒತ್ತಿದ "ತೋ" ಮತ್ತು ಬಿಡಿ ಮೊಳೆಗಳನ್ನು ಜೋಡಿಸಿ ಒತ್ತಿದ "ತೋ" ಕಾಗದದ ಮೇಲೆ ಒಂದೇ ಆಗಿ ಕಂಡರೂ ಮೊಳೆ ಎಣಿಸುವವನಿಗೆ ಲೆಕ್ಕ ಬೇರೆ. ಸರ್ವರ್ ಎಣಿಸುವುದು ಮೊಳೆಗಳನ್ನು. ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್, ಅಂದರೆ 3 ಅಳತೆಯ ಜಾಗ, ಬೇಕು. ಕೂಡಿಸಿ ಬರೆದ "ತೋಟ"ದಲ್ಲಿ 3 ಸಂಕೇತ, 9 ಬೈಟ್. ಬಿಡಿಸಿ ಬರೆದದ್ದರಲ್ಲಿ 5 ಸಂಕೇತ, 15 ಬೈಟ್. ಮ್ಯಾಕ್‌ಗಳು 2017ರವರೆಗೆ ಮುಖ್ಯವಾಗಿ ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಗೆಳೆಯನ ಚಿತ್ರ ಅಂಥ ಹಳೆಯ ಡಿಸ್ಕಿನಿಂದ ಬಂದಿತ್ತು. ಅವನ ಹೊಸ ಮ್ಯಾಕ್ ಎರಡು ರೂಪಗಳನ್ನೂ ಒಂದೆಂದೇ ಭಾವಿಸಿ ಚಿತ್ರ ತೋರಿಸುತ್ತಿತ್ತು. ಊರು ಬಲ್ಲ ಅಂಚೆಯವನ ಹಾಗೆ.

ಎ, ಬಿ, ಸಿ ಅಕ್ಷರಗಳಲ್ಲೇ ಕಡತಗಳಿಗೆ ಹೆಸರಿಡುವವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ. ಹಾಗೆಂದು ಕನ್ನಡದಲ್ಲಿ ಹೆಸರಿಡಬೇಡಿ, ಅದರಿಂದಲೇ ಇಷ್ಟೆಲ್ಲ ಕೆಡುಕು ಎನ್ನುವ ಸಲಹೆಯನ್ನು ನಾನು ಒಪ್ಪಲಾರೆ. ಗೆಳೆಯ ಆ ದಿನ ನನಗೆ ಹೇಳಿದ್ದೂ ಅದನ್ನೇ: "ನನ್ನ ತೋಟಕ್ಕೆ ಕನ್ನಡದಲ್ಲಿ ಹೆಸರಿಡಲು ಯಾರ ಅಪ್ಪಣೆ ಬೇಕು?"

ಆ ಸಂಜೆ ಫೋನಿನಲ್ಲಿ ಮಾತಾಡುತ್ತಲೇ ಅವನು ಸರ್ವರ್‌ನಲ್ಲಿದ್ದ ಕಡತದ ಹೆಸರನ್ನು ಪೂರ್ತಿ ಅಳಿಸಿ, ಮತ್ತೆ "ತೋಟ" ಎಂದೇ ಬೆರಳಚ್ಚಿಸಿದ. ಪರದೆಯ ಮೇಲೆ ಏನೂ ಬದಲಾದಂತೆ ಕಾಣಲಿಲ್ಲ. 15 ಬೈಟಿನ ಹೆಸರು 9 ಬೈಟಿಗೆ ಇಳಿದಿತ್ತು. ನಾನು ಫೈರ್‌ಫಾಕ್ಸ್‌ನಲ್ಲಿಯೂ ಕ್ರೋಮ್‌ನಲ್ಲಿಯೂ ಪುಟವನ್ನು ಹೊಸದಾಗಿ ತೆರೆದೆ. ಎರಡರಲ್ಲೂ ಮಳೆಗೆ ನೆನೆದ ಅಡಿಕೆ ಮರಗಳ ಸಾಲು, ಅದರ ಬುಡದಲ್ಲಿ ಸೊಪ್ಪಿನ ಹೊರೆ ಹೊತ್ತು ನಿಂತ ಅವನ ತಂದೆ ಕಾಣಿಸಿದರು.