ಹಡಗಿನ ಮೂಗುದಾರ ಬಂದರಿನಲ್ಲಿದೆ

ರಾತ್ರಿ ಹತ್ತರ ಮೇಲೆ ಚಿತ್ರದುರ್ಗದ ಹೈವೇ ಪಕ್ಕ ಟೀ ಕುಡಿಯುತ್ತಾ ನಿಂತರೆ ಸ್ಲೀಪರ್ ಬಸ್ಸುಗಳ ಸಾಲು ಶುರುವಾಗುತ್ತದೆ. ನಂಬರ್ ಪ್ಲೇಟ್ ಗಮನಿಸಿ. ಎಷ್ಟೋ ಬಸ್ಸುಗಳ ಮೇಲೆ ಎನ್‌ಎಲ್ 01 ಅಂತಿರುತ್ತದೆ. ಅಂದರೆ ನಾಗಾಲ್ಯಾಂಡ್ ನೋಂದಣಿ. ಓಡುವುದು ಬೆಂಗಳೂರು-ಹುಬ್ಬಳ್ಳಿ ಮಧ್ಯೆ, ಕಾಗದದಲ್ಲಿ ಊರು ಮಾತ್ರ ಅಲ್ಲಿಯದು. ಅಲ್ಲಿ ತೆರಿಗೆ ಕಡಿಮೆ, ಅಷ್ಟೇ ಗುಟ್ಟು.

ಹಡಗಿನವರು ಈ ಆಟವನ್ನು ಬಸ್ಸಿನವರಿಗಿಂತ ಎಷ್ಟೋ ಮೊದಲೇ ಕಲಿತಿದ್ದಾರೆ. ಮಾಲೀಕ ಗ್ರೀಸ್ ದೇಶದವನು, ಕೆಲಸ ಮಾಡುವವರು ಭಾರತ, ಫಿಲಿಪ್ಪೀನ್ಸ್ ಕಡೆಯವರು, ಹಡಗಿನ ಹಿಂದೆ ಹಾರುವ ಬಾವುಟ ಮಾತ್ರ ಲೈಬೀರಿಯಾದ್ದು, ಅಂದರೆ ನೋಂದಣಿ ಅಲ್ಲಿಯದು. ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು ಈ ಮೂರರ ಬಾವುಟದಡಿಯಲ್ಲೇ ಜಗತ್ತಿನ ಹಡಗುಗಳ ಸರಕು ಹೊರುವ ಸಾಮರ್ಥ್ಯದ ಶೇ. 40ಕ್ಕಿಂತ ಜಾಸ್ತಿ ಇದೆ. ಮಂಗೋಲಿಯಾಕ್ಕೆ ಸಮುದ್ರವೇ ಇಲ್ಲ, ನಮ್ಮ ದಾವಣಗೆರೆ ಥರ. ಆದರೂ ಅದರ ಬಾವುಟ ಹೊತ್ತ ಹಡಗುಗಳಿವೆ.

ಹಾಗಾದರೆ ಹಡಗು ಗಟ್ಟಿಯಾಗಿದೆಯೇ, ಎಣ್ಣೆ ಚೆಲ್ಲುತ್ತಿದೆಯೇ ಅಂತ ನೋಡುವವರು ಯಾರು?

ನಿಯಮಕ್ಕೇನೂ ಕೊರತೆಯಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿತು. ಎರಡೇ ವರ್ಷಕ್ಕೆ, 1914ರಲ್ಲಿ, ಸೋಲಾಸ್ ಎಂಬ ಸುರಕ್ಷತಾ ಒಪ್ಪಂದ ಹುಟ್ಟಿತು. ಈಗ ನಡೆಯುತ್ತಿರುವುದು ಅದರ 1974ರ ರೂಪ. ಮಾಲಿನ್ಯಕ್ಕೆ ಮಾರ್ಪೋಲ್ ಇದೆ, 1983ರಿಂದ ಜಾರಿಯಲ್ಲಿದೆ. ಇವನ್ನು ಪಾಲಿಸುವಂತೆ ನೋಡಿಕೊಳ್ಳುವ ಮೊದಲ ಹೊಣೆ ಬಾವುಟ ಕೊಟ್ಟ ದೇಶದ್ದು. ತೊಂದರೆ ಇರುವುದೇ ಅಲ್ಲಿ. ಬಾವುಟ ಮಾರಿ ಫೀಸು ತಗೊಳ್ಳುವ ದೇಶ ತನ್ನ ಗಿರಾಕಿಯನ್ನೇ ಗದರಿಸಬೇಕು. ಕೆಲವು ದೇಶಗಳು ನಿಜವಾಗಿಯೂ ಗದರಿಸುತ್ತವೆ. ಕೆಲವು ಕಣ್ಣು ಮುಚ್ಚಿಕೊಳ್ಳುತ್ತವೆ.

ಕರಾವಳಿ ಇರುವ ದೇಶವೇ ಹಿಡಿಯಬಾರದೇ ಅಂದರೆ, ಸಮುದ್ರದ ಮಧ್ಯೆ ಕೈ ಕಟ್ಟಿಹಾಕಿದಂತೆಯೇ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ನಮ್ಮದೇ ನೀರು. ಅಲ್ಲೂ ತೊಂದರೆ ಕೊಡದೆ ಹಾದುಹೋಗುವ ಹಕ್ಕು ಪರದೇಶದ ಹಡಗಿಗೆ ಇದೆ. 200 ನಾಟಿಕಲ್ ಮೈಲಿಯವರೆಗಿನ, ಮೀನು, ಖನಿಜದ ಹಕ್ಕು ನಮ್ಮದಾಗಿರುವ ಆರ್ಥಿಕ ವಲಯದಲ್ಲಂತೂ, ಎಣ್ಣೆ ಚೆಲ್ಲಿದ್ದಕ್ಕೆ ಗಟ್ಟಿ ಆಧಾರ ಇಲ್ಲದೆ ಹಡಗು ನಿಲ್ಲಿಸಿ ಹತ್ತುವಂತಿಲ್ಲ.

ಆದರೆ ಹಡಗು ಎಷ್ಟು ದಿನ ಅಂತ ಸಮುದ್ರದಲ್ಲೇ ಇದ್ದೀತು? ಸರಕು ಇಳಿಸಬೇಕು, ತುಂಬಿಸಬೇಕು. ಬಂದರಿಗೆ ಬಂದ ಮೇಲೆ ಅದು ನಮ್ಮ ಅಂಗಳದಲ್ಲಿ ನಿಂತ ಲಾರಿ. ಮೂಗುದಾರ ಹಾಕಲು ಅದೇ ಜಾಗ.

ಯುರೋಪಿನವರು ಇದನ್ನು ಪೆಟ್ಟು ತಿಂದು ಕಲಿತರು. 1978ರ ಮಾರ್ಚಿನಲ್ಲಿ ಅಮೋಕೊ ಕಾಡಿಜ್ ಎಂಬ ಟ್ಯಾಂಕರ್ ಫ್ರಾನ್ಸಿನ ಬ್ರಿಟನಿ ತೀರದ ಬಂಡೆಗೆ ಹೊಡೆದು, ಸುಮಾರು 2.2 ಲಕ್ಷ ಟನ್ ಎಣ್ಣೆ ಸಮುದ್ರ ಸೇರಿತು. ಬಾವುಟ ಲೈಬೀರಿಯಾದ್ದು. 1982ರಲ್ಲಿ ಹದಿನಾಲ್ಕು ದೇಶಗಳು ಪ್ಯಾರಿಸ್‌ನಲ್ಲಿ ಕೂತು ಒಂದು ಒಪ್ಪಂದಕ್ಕೆ ಬಂದವು. ಬಾವುಟ ಯಾರದ್ದಾದರೂ ಇರಲಿ, ನಮ್ಮ ಬಂದರಿಗೆ ಬಂದರೆ ನಾವು ಹತ್ತಿ ನೋಡುತ್ತೇವೆ, ನೋಡಿದ್ದನ್ನು ಒಬ್ಬರಿಗೊಬ್ಬರು ತಿಳಿಸುತ್ತೇವೆ. ಇದಕ್ಕೆ ಪೋರ್ಟ್ ಸ್ಟೇಟ್ ಕಂಟ್ರೋಲ್ ಅನ್ನುತ್ತಾರೆ. ಹಿಂದೂ ಮಹಾಸಾಗರದ ದೇಶಗಳದ್ದೂ ಇಂಥದ್ದೇ ಒಂದು ಕೂಟ 1999ರಿಂದ ಇದೆ. ಅದರ ಕಚೇರಿ ದೂರವೇನಿಲ್ಲ, ಗೋವಾದಲ್ಲಿ. ಭಾರತದಲ್ಲಿ ಹಡಗು ಹತ್ತುವುದು ಮುಂಬೈನ ಡಿಜಿ ಶಿಪ್ಪಿಂಗ್ (ಹಡಗುಗಳ ಕೇಂದ್ರ ಸರ್ಕಾರಿ ಕಚೇರಿ) ಕೈಕೆಳಗಿನ ಸರ್ವೇಯರುಗಳು.

ನನ್ನ ಸೋದರತ್ತೆ ಮಗ ಹಡಗಿನಲ್ಲಿ ಎಂಜಿನಿಯರ್. ದಾವಣಗೆರೆಯಲ್ಲಿ ಓದಿ, ನಂತರ ಮೆರೀನ್ ಕೋರ್ಸ್ ಮಾಡಿದವನು. ರಜೆಗೆ ಬಂದಾಗ ಮಂಡಕ್ಕಿ ಮುಂದಿಟ್ಟುಕೊಂಡು ನಾನು ಕೇಳಿದೆ, "ಇನ್‌ಸ್ಪೆಕ್ಟರ್ ಬಂದ್ರೆ ಭಯ ಆಗುತ್ತಾ?"

"ಸರ್ಟಿಫಿಕೇಟ್ ನೋಡೋವರೆಗೂ ಇಲ್ಲ ಅಣ್ಣ. ಬೋಲ್ಟ್ ನೋಡೋಕೆ ಶುರು ಮಾಡಿದ್ರೆ ಆಗುತ್ತೆ."

ಬೋಲ್ಟಿನ ಕಥೆ ಹೀಗೆ. ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ಕೊಳೆನೀರು ಸೇರುತ್ತದೆ. ಅದನ್ನು ಒಂದು ಸೋಸುವ ಯಂತ್ರದ ಮೂಲಕ ಹಾಯಿಸಿಯೇ ಸಮುದ್ರಕ್ಕೆ ಬಿಡಬೇಕು. ಬಿಡುವ ನೀರಿನಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಪಾಲು ಮೀರಬಾರದು. ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ ಮೂರು ಟೀ ಚಮಚ ಎಣ್ಣೆ ಹಾಕಿದರೆ ಆಗುವಷ್ಟು. ಸೋಸುವ ಫಿಲ್ಟರಿಗೆ ದುಡ್ಡು ಬೇಕು, ಉಳಿದ ಕೆಸರೆಣ್ಣೆಯನ್ನು ಬಂದರಿನಲ್ಲಿ ಒಪ್ಪಿಸಲೂ ದುಡ್ಡು ಬೇಕು. ಕಳ್ಳರು ಏನು ಮಾಡುತ್ತಾರೆ? ಯಂತ್ರವನ್ನು ತಪ್ಪಿಸಿ ಹೋಗುವ ಹಾಗೆ ಒಂದು ಪೈಪ್ ಜೋಡಿಸುತ್ತಾರೆ. ರಾತ್ರಿ ಸೀದಾ ಸಮುದ್ರಕ್ಕೆ. ಬಂದರು ಹತ್ತಿರ ಬಂದಾಗ ಬಿಚ್ಚಿ ಎತ್ತಿಡುತ್ತಾರೆ. ಹಡಗಿನವರ ಬಾಯಲ್ಲಿ ಅದು 'ಮ್ಯಾಜಿಕ್ ಪೈಪ್'.

ಪೈಪ್ ಮಾಯವಾದರೂ ಬೋಲ್ಟ್ ಸುಳ್ಳು ಹೇಳುವುದಿಲ್ಲ. ಸುತ್ತಲಿನ ಬೋಲ್ಟುಗಳ ಮೇಲೆಲ್ಲ ವರ್ಷಗಟ್ಟಲೆಯ ಪೇಂಟ್ ಕೂತಿರುತ್ತದೆ, ನಾಲ್ಕಕ್ಕೆ ಮಾತ್ರ ಸ್ಪ್ಯಾನರ್ ಗೀರಿದ ಹೊಸ ಗುರುತು. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಹುಡುಕುವುದು ಅದನ್ನೇ. ಇನ್ನೊಂದು ಸಾಕ್ಷಿ ಎಣ್ಣೆ ಲೆಕ್ಕದ ಪುಸ್ತಕ. ಎಷ್ಟು ಕೊಳೆ ಹುಟ್ಟಿತು, ಎಷ್ಟು ಸೋಸಿದರು, ಎಷ್ಟು ದಡಕ್ಕೆ ಕೊಟ್ಟರು ಅಂತ ಎಲ್ಲ ಬರೆದಿರಬೇಕು. ಕೂಡಿಸಿ ಕಳೆದು ಬಂದ ಮೊತ್ತ ಟ್ಯಾಂಕಿನಲ್ಲಿರುವುದಕ್ಕೆ ತಾಳೆಯಾಗಬೇಕು.

ಒಂದು ಹಡಗು ಕಂಪನಿ, ಪ್ರಿನ್ಸೆಸ್ ಕ್ರೂಸಸ್, ಇಂಥ ಪೈಪಿನ ಕೇಸಿನಲ್ಲಿ 2016ರಲ್ಲಿ ಅಮೆರಿಕದಲ್ಲಿ 4 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಬಯಲು ಮಾಡಿದವನು ಹೊಸದಾಗಿ ಸೇರಿದ್ದ ಒಬ್ಬ ಎಂಜಿನಿಯರ್. ನನಗೆ ಮಜಾ ಅನಿಸುವುದು ಅಮೆರಿಕದವರ ಲೆಕ್ಕಾಚಾರ. ಪರದೇಶದ ಹಡಗು ನಡುಸಮುದ್ರದಲ್ಲಿ ಎಣ್ಣೆ ಬಿಟ್ಟಿದ್ದಕ್ಕೆ ಕೇಸು ಹಾಕುವುದು ಕಷ್ಟ. ಅದಕ್ಕೇ ಸಾಮಾನ್ಯವಾಗಿ ಸುಳ್ಳು ಲೆಕ್ಕದ ಪುಸ್ತಕ ಹಿಡಿದುಕೊಂಡು ನಮ್ಮ ಬಂದರಿಗೆ ಬಂದೆ ಅಂತ ಹಾಕುತ್ತಾರೆ. ಆ ತಪ್ಪು ನಡೆದದ್ದು ಬಂದರಿನಲ್ಲೇ, ಅಲ್ವಾ?

ದಂಡಕ್ಕಿಂತ ಹಡಗಿನವರಿಗೆ ಭಯ ಇರುವುದು 'ಡಿಟೆನ್ಷನ್' ಅನ್ನುವ ಪದಕ್ಕೆ. ಲೈಫ್‌ಬೋಟ್ ಎಂಜಿನ್ ಹೊತ್ತಿಕೊಳ್ಳಲಿಲ್ಲ, ತುರ್ತು ಬೆಂಕಿ ಪಂಪಿನಿಂದ ನೀರು ಬರಲಿಲ್ಲ ಎಂದರೆ, ರಿಪೇರಿ ಆಗುವವರೆಗೆ ಹಡಗು ಕದಲುವಂತಿಲ್ಲ. ನಿಂತ ಹಡಗು ದುಡಿಯುವುದಿಲ್ಲ, ಖರ್ಚು ನಿಲ್ಲುವುದಿಲ್ಲ. ಮೇಲಾಗಿ ಆ ವಿಷಯ ದಾಖಲೆಗೆ ಸೇರಿ ಮುಂದಿನ ಬಂದರಿನವರೂ ಕಾದು ಕೂತಿರುತ್ತಾರೆ. ಲಾರಿ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಂದರಿಗೆ ಬರುವ ಮೊದಲೇ ಮುಳುಗಿದರೆ? 2025ರ ಮೇ 25ರಂದು ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಮುಳುಗಿತು. 1997ರಲ್ಲಿ ಕಟ್ಟಿದ ಹಡಗು, 600ಕ್ಕೂ ಹೆಚ್ಚು ಕಂಟೇನರ್, ಬಾವುಟ ಮತ್ತೆ ಲೈಬೀರಿಯಾದ್ದು. ಕೇರಳದ ಮರಳಿನಲ್ಲಿ ಸಬ್ಬಕ್ಕಿಯಂಥ ಬಿಳಿ ಪ್ಲಾಸ್ಟಿಕ್ ಕಾಳು ಹರಡಿಕೊಂಡಿತು. ಮುಳುಗಿದ್ದನ್ನು ಹಿಡಿದಿಡಲು ಆಗುವುದಿಲ್ಲ. ಆದರೆ ಹಡಗು ವ್ಯಾಜ್ಯಗಳಿಗೆಂದೇ ಇರುವ ನಮ್ಮ 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಅದೇ ಮಾಲೀಕನ ಇನ್ನೊಂದು ಹಡಗನ್ನು ಹಿಡಿದಿಡಲು ದಾರಿಯಿದೆ. ಜುಲೈನಲ್ಲಿ ಕೇರಳ ಹೈಕೋರ್ಟ್ ವಿಳಿಂಜಂನಲ್ಲಿದ್ದ ಎಂಎಸ್‌ಸಿ ಅಕಿಟೆಟಾ 2 ಹಡಗನ್ನು ತಡೆಯಲು ಆದೇಶಿಸಿತು. ಇಲ್ಲೂ ಕೆಲಸಕ್ಕೆ ಬಂದದ್ದು ಬಂದರೇ.

ಇನ್ನು ನಮ್ಮ ಮಣ್ಣಿನ ವಿಷಯ. ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಧೂಳು, ಅದಿರು ಲಾರಿ ನಮಗೇನೂ ಹೊಸದಲ್ಲ. ಪುಡಿ ಅದಿರು ನೋಡಲು ಒಣಗಿದಂತಿರುತ್ತದೆ. ಆದರೆ ಕಾಳು ಕಾಳಿನ ಸಂದಿಯಲ್ಲಿ ತೇವ ಅಡಗಿರುತ್ತದೆ. ಹರಿಹರದಲ್ಲಿ ತುಂಗಭದ್ರೆಯ ದಡದ ಹಸಿ ಮರಳಿನ ಮೇಲೆ ಒಂದೇ ಸಮ ಕುಣಿದರೆ ಏನಾಗುತ್ತದೆ? ಗಟ್ಟಿ ಮರಳು ಅಲುಗಾಡುವ ಹಲ್ವದಂತಾಗಿ ನೀರು ಮೇಲೆ ಬರುತ್ತದೆ. ಹಡಗಿನ ಹೊಟ್ಟೆಯಲ್ಲಿ ಎಂಜಿನ್ನಿನ ನಡುಕ, ಅಲೆಯ ಏಟು ಅದೇ ಕೆಲಸ ಮಾಡುತ್ತವೆ. ಕಾಳುಗಳು ಒತ್ತಿಕೊಂಡು, ಮಧ್ಯದ ನೀರಿಗೆ ಜಾಗ ಸಾಲದೆ, ಕಾಳುಗಳ ಹಿಡಿತವೇ ತಪ್ಪುತ್ತದೆ. ಸಾವಿರಾರು ಟನ್ ಅದಿರು ಕೆಸರಿನಂತೆ ಒಂದು ಪಕ್ಕಕ್ಕೆ ಜಾರುತ್ತದೆ. ಹಡಗು ವಾಲಿ ವಾಪಸ್ ಬರುವಾಗ ಅದಿರು ವಾಪಸ್ ಬರುವುದಿಲ್ಲ.

2009ರ ಜುಲೈನಲ್ಲಿ, ನಡುಮಳೆಗಾಲದಲ್ಲಿ, ಏಷ್ಯನ್ ಫಾರೆಸ್ಟ್ ಎಂಬ ಅದಿರಿನ ಹಡಗು ಮಂಗಳೂರಿನಾಚೆ ಮುಳುಗಿತು. ಸೆಪ್ಟೆಂಬರಿನಲ್ಲಿ ಪಾರಾದೀಪದ ಹತ್ತಿರ ಇನ್ನೊಂದು, ಬ್ಲ್ಯಾಕ್ ರೋಸ್. ಅದರ ಬಾವುಟ ಯಾರದ್ದು ಗೊತ್ತೇ? ಮಂಗೋಲಿಯಾದ್ದು!

ಅದಿರಿನಂಥ ಸರಕಿಗೆ ಅಂತರರಾಷ್ಟ್ರೀಯ ನಿಯಮ 2011ರಿಂದ ಕಡ್ಡಾಯವಾಗಿದೆ. ಯಾವ ತೇವಕ್ಕೆ ಆ ಪುಡಿ ಹರಿಯತೊಡಗುತ್ತದೆ ಎಂದು ಲ್ಯಾಬಿನಲ್ಲಿ ನೋಡಿ, ಅದರ ಶೇ. 90ನ್ನು ಮಿತಿ ಅಂತ ಇಡುವುದು ಒಂದು ರೂಢಿಯ ವಿಧಾನ. ಅದಕ್ಕಿಂತ ಒದ್ದೆ ಇದ್ದರೆ ಸಾಮಾನ್ಯ ಹಡಗಿಗೆ ತುಂಬುವಂತಿಲ್ಲ. ಲ್ಯಾಬಿನ ಚೀಟಿ ಮೇಲೆ ಅನುಮಾನ ಬಂದರೆ ಕ್ಯಾಪ್ಟನ್‌ಗೆ ಒಂದು ಡಬ್ಬಿ ಪರೀಕ್ಷೆ ಇದೆ.

ಅದನ್ನು ನಾವು ಮನೆ ಹಿತ್ತಲಲ್ಲೇ ಮಾಡಿದೆವು. ಹಳೇ ಕಾಫಿಪುಡಿ ಡಬ್ಬಿಗೆ ರಸ್ತೆ ಬದಿಯ ಅದಿರು ಪುಡಿ ಅರ್ಧ ತುಂಬಿ, ಸ್ವಲ್ಪ ನೀರು ಕಲಸಿದ ಆ ಸೋದರತ್ತೆ ಮಗ. ಮುಟ್ಟಿದರೆ ಕೈಗೆ ಒದ್ದೆ ಹತ್ತುತ್ತಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಒಂದು ಗೇಣು ಎತ್ತರದಿಂದ ಕುಕ್ಕುತ್ತಾ ಹೋದ. ಒಟ್ಟು 25 ಏಟು ಹಾಕಬೇಕು. ಹದಿನೈದರವರೆಗೆ ಏನೂ ಇಲ್ಲ. ಇಪ್ಪತ್ತು ದಾಟುವ ಹೊತ್ತಿಗೆ ಮೇಲ್ಮೈ ಎಣ್ಣೆ ಸವರಿದಂತೆ ಹೊಳೆಯಿತು. ಇಪ್ಪತ್ತೈದಕ್ಕೆ ಅಂಚಿನಲ್ಲಿ ಕೆಂಪು ನೀರು ನಿಂತಿತ್ತು.

"ನೀರು ಬರದಿದ್ರೂ ಪಾಸ್ ಅಂತಲ್ಲ ಅಣ್ಣ, ಲ್ಯಾಬಿನ ಚೀಟಿ ಬೇಕೇ ಬೇಕು. ಇದ್ರಲ್ಲಿ ನೀರು ಬಂದಿದೆ. ಹಂಗಾಗಿ ಮತ್ತೆ ಟೆಸ್ಟ್ ಆಗೋವರೆಗೂ ನಾನು ಹತ್ತಿಸ್ಕೊಳ್ಳಲ್ಲ" ಅಂದು ಡಬ್ಬಿಯನ್ನು ತೆಂಗಿನ ಬುಡಕ್ಕೆ ಬಗ್ಗಿಸಿದ.