ನೇಗಿಲಿಗೆ ಮಣಿಯದ ಮಳೆ

ಅಮೆರಿಕದ ಪಶ್ಚಿಮ ಗಡಿನಾಡಿನ ಚರಿತ್ರೆಯನ್ನು ಬಂದೂಕು, ಕುದುರೆ ಮತ್ತು ಚಿನ್ನದ ಕಥೆಯಾಗಿ ಹೇಳುವುದು ರೂಢಿ. ಆದರೆ ಅಲ್ಲಿ ಯಾರು ನೆಲೆ ನಿಂತರು, ಯಾರು ಗುಳೆ ಹೋದರು, ಯಾರು ಯಾರ ಮೇಲೆ ಬಂದೂಕು ಎತ್ತಿದರು ಎಂಬುದನ್ನು ಅರಿಯಬೇಕಾದರೆ ಮೊದಲು ಮಳೆಯ ಲೆಕ್ಕವನ್ನು ನೋಡಬೇಕು. ಡಕೋಟಾದಿಂದ ಟೆಕ್ಸಾಸ್‌ವರೆಗೆ ಬಯಲನ್ನು ಸೀಳಿಕೊಂಡು ಹೋಗುವ 100ನೇ ಪಶ್ಚಿಮ ರೇಖಾಂಶದ ಆಸುಪಾಸಿನಲ್ಲಿ ವಾರ್ಷಿಕ ಮಳೆ ಸುಮಾರು 20 ಅಂಗುಲಕ್ಕೆ ಇಳಿಯುತ್ತದೆ. ಅದರ ಪೂರ್ವಕ್ಕೆ ಮಳೆಯಾಶ್ರಿತ ಬೇಸಾಯ ಸಾಮಾನ್ಯವಾಗಿ ಕೈಹಿಡಿಯುತ್ತದೆ. ಪಶ್ಚಿಮಕ್ಕೆ ಒಂದು ವರ್ಷ ಕೈಹಿಡಿದರೆ ಮತ್ತೊಂದು ವರ್ಷ ಕೈಬಿಡುತ್ತದೆ.

ಕಾರಣ ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸದ್ದೇ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಸಿಯೆರಾ ನೆವಾಡಾ, ಕ್ಯಾಸ್ಕೇಡ್, ರಾಕಿ ಪರ್ವತಗಳನ್ನು ಒಂದೊಂದಾಗಿ ಏರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲೇ ಸುರಿಸಿಬಿಡುತ್ತದೆ. ಪೂರ್ವದ ಇಳಿಜಾರಿನಲ್ಲಿ ಕೆಳಗಿಳಿಯುವಾಗ ಅದು ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿಯ ಸಾಪೇಕ್ಷ ಆರ್ದ್ರತೆ ಕುಸಿಯುವುದರಿಂದ ಮೋಡ ಕಟ್ಟುವ ಬದಲು ಕರಗುತ್ತದೆ. ಬಯಲಿಗೆ ಮಳೆ ಕೊಡುವ ಇನ್ನೊಂದು ಮೂಲ ಮೆಕ್ಸಿಕೋ ಕೊಲ್ಲಿ. ಅಲ್ಲಿಂದ ಉತ್ತರಕ್ಕೆ ಹೊರಟ ತೇವ ಮುಂದೆ ಪೂರ್ವದ ಕಡೆಗೇ ಬಾಗುವುದರಿಂದ, ಪಶ್ಚಿಮಕ್ಕೆ ಸಾಗಿದಷ್ಟೂ ಅದರ ಪಾಲು ಕಡಿಮೆಯಾಗುತ್ತದೆ. ಈ ಏರ್ಪಾಟಿನಲ್ಲಿ ರೈತನ ನೇಗಿಲಿಗೆ ಯಾವ ಪಾತ್ರವೂ ಇಲ್ಲ.

ಆದರೆ 1870 ಮತ್ತು 1880ರ ದಶಕಗಳಲ್ಲಿ ಓದಿದವರೇ ಇದಕ್ಕೆ ವಿರುದ್ಧವಾದುದನ್ನು ಸಾರಿದರು. 1862ರಲ್ಲಿ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯು ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಭೂಮಿಯನ್ನು ಬಹುತೇಕ ಪುಕ್ಕಟೆಯಾಗಿ ಕೊಡುತ್ತಿತ್ತು. 1860ರಲ್ಲಿ ಸುಮಾರು 1 ಲಕ್ಷ 7 ಸಾವಿರವಿದ್ದ ಕ್ಯಾನ್ಸಸ್‌ನ ಜನಸಂಖ್ಯೆ 1880ರ ವೇಳೆಗೆ ಹತ್ತಿರಹತ್ತಿರ 10 ಲಕ್ಷಕ್ಕೆ ಏರಿತು. ಈ ವಲಸೆಯ ಕಾಲದಲ್ಲಿ ಕೆಲವು ವರ್ಷ ಒಳ್ಳೆಯ ಮಳೆ ಬಿತ್ತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಆಘಿ, ಉತ್ತ ಮಣ್ಣು ನೀರನ್ನು ಹೀರಿ ನಿಧಾನವಾಗಿ ಆವಿಯಾಗಿಸುವುದರಿಂದ ಮಳೆ ಹೆಚ್ಚುತ್ತಿದೆ ಎಂದು ವಾದಿಸಿದರು. 1881ರಲ್ಲಿ ಚಾರ್ಲ್ಸ್ ಡಾನಾ ವಿಲ್ಬರ್ ಎಂಬ ಪ್ರಚಾರಕರು, ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂಬ ಘೋಷಣೆಯನ್ನೇ ಕೊಟ್ಟರು. ಸಂಸತ್ತು ಕೂಡ 1873ರಲ್ಲಿ, 160 ಎಕರೆಯಲ್ಲಿ 40 ಎಕರೆಗೆ ಮರ ನೆಟ್ಟವರಿಗೆ ಆ ಭೂಮಿಯನ್ನು ಕೊಡುವ ಕಾಯಿದೆ ಮಾಡಿತ್ತು. ಮರ ಬೆಳೆದರೆ ಹವೆಯೂ ತೇವವಾದೀತೆಂಬ ಆಸೆ ಅದರ ಹಿಂದಿತ್ತು.

ನೇಗಿಲೂ ಮಳೆಯೂ ಜೊತೆಯಾಗಿ ಬಂದದ್ದು ಅಪ್ಪಟ ಕಾಕತಾಳೀಯ. ಗಾಳಿಯಲ್ಲಿ ತೇವವಿದ್ದ ಮಾತ್ರಕ್ಕೆ ಮಳೆ ಬರುವುದಿಲ್ಲ. ಆ ಗಾಳಿ ಮೇಲೇರಬೇಕು, ಹಿಗ್ಗಬೇಕು, ತಣಿಯಬೇಕು. ಹೊಲದಿಂದ ಎದ್ದ ಆವಿಯನ್ನು ಗಾಳಿ ನೂರಾರು ಮೈಲಿ ಆಚೆಗೆ ಒಯ್ಯುತ್ತದೆಯೇ ಹೊರತು ಅದೇ ಹೊಲದ ಮೇಲೆ ನಿಲ್ಲಿಸಿಕೊಳ್ಳುವುದಿಲ್ಲ. ನೆಲದ ಆವಿಯ ಒಂದು ಪಾಲು ಮತ್ತೆ ಮಳೆಯಾಗುವುದು ನಿಜವಾದರೂ ಅದು ಖಂಡದ ಅಳತೆಯಲ್ಲಿ ನಡೆಯುವ ವ್ಯಾಪಾರ. ಅಲ್ಲದೆ ನೇಗಿಲು ಹೊಸ ನೀರನ್ನೇನೂ ಹುಟ್ಟಿಸಲಿಲ್ಲ. ಆಳಕ್ಕೆ ಬೇರು ಬಿಟ್ಟಿದ್ದ ಹುಲ್ಲು ಮೊದಲೇ ತನ್ನ ಎಲೆಗಳಿಂದ ನೀರನ್ನು ಹವೆಗೆ ಬಿಡುತ್ತಿತ್ತು. ಅದನ್ನು ಕಿತ್ತೆಸೆದ ಮೇಲೆ ಉಳಿದ ಬರಿಮಣ್ಣಿನ ಮೇಲ್ಪದರ ಬೇಗ ಒಣಗಿ, ಆವಿಯಾಗುವುದೇ ಕುಂದುತ್ತದೆ. 1930ರ ದಶಕದ ಬರದಲ್ಲಿ ಆ ಬರಿಮಣ್ಣೇ ಧೂಳಿನ ಬಿರುಗಾಳಿಯಾಗಿ ಎದ್ದಿತು.

ಸತ್ಯ ಹೇಳುವವರು ಆಗಲೂ ಇದ್ದರು. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡು, 1869ರಲ್ಲಿ ದೋಣಿಗಳಲ್ಲಿ ಕೊಲರಾಡೊ ನದಿಯ ಕಮರಿಗಳನ್ನು ದಾಟಿದ್ದ ಜಾನ್ ವೆಸ್ಲಿ ಪವೆಲ್, 20 ಅಂಗುಲದ ಗೆರೆಯಾಚೆ 160 ಎಕರೆಯ ಲೆಕ್ಕ ನಡೆಯುವುದಿಲ್ಲವೆಂದು 1878ರ ವರದಿಯಲ್ಲಿ ವಿವರಿಸಿದರು. ನೀರಾವರಿಗೆ 80 ಎಕರೆ ಸಾಕು, ದನ ಮೇಯಿಸಲು 2,560 ಎಕರೆ ಬೇಕು, ನೀರನ್ನು ಹಂಚಿಕೊಳ್ಳುವವರೆಲ್ಲ ಕೂಡಿ ವ್ಯವಸ್ಥೆ ಕಟ್ಟಿಕೊಳ್ಳಬೇಕು ಎಂಬುದು ಅವರ ಸಲಹೆ. ಅದಕ್ಕೆ ಯಾರೂ ಕಿವಿಗೊಡಲಿಲ್ಲ. 1883ರ ಬರದಲ್ಲಿ ಟೆಕ್ಸಾಸ್‌ನ ದನಗಾಹಿಗಳು ಹುಲ್ಲು ನೀರಿಗಾಗಿ ಮುಳ್ಳುತಂತಿಯ ಬೇಲಿಗಳನ್ನು ಕತ್ತರಿಸಿದಾಗ ರಕ್ತಪಾತವೇ ಆಯಿತು.

ಈ ತಪ್ಪು ಲೆಕ್ಕಕ್ಕೆ ಅತಿ ಹೆಚ್ಚು ಬೆಲೆ ತೆತ್ತವರು ಆ ನೆಲದ ಮೂಲನಿವಾಸಿಗಳು. ಬೈಸನ್ ಎಂಬ ಕಾಡುದನಗಳ ಹಿಂಡುಗಳನ್ನು ಹಿಂಬಾಲಿಸಿ ನೆಲೆ ಬದಲಿಸುತ್ತಿದ್ದ ಲಕೋಟಾ ಜನರ ಜೀವನಕ್ರಮವು ಅನಿಶ್ಚಿತ ಮಳೆಯ ನಾಡಿಗೆ ಹೊಂದಿಕೊಂಡ ವಿವೇಕವಾಗಿತ್ತು. ಬೇಟೆಗಾರರು ಆ ಹಿಂಡುಗಳನ್ನು ಅಳಿಸಿಹಾಕಿದರು. 1887ರ ಡಾಸ್ ಕಾಯಿದೆ ಬುಡಕಟ್ಟಿನ ಸಾಮೂಹಿಕ ಭೂಮಿಯನ್ನು ಅದೇ 160 ಎಕರೆಯ ತುಂಡುಗಳಾಗಿ ಹಂಚಿ, ಉಳಿದದ್ದನ್ನು ಹೊರಗಿನವರಿಗೆ ತೆರೆಯಲು ದಾರಿ ಮಾಡಿತು. 1889ರಲ್ಲಿ ಲಕೋಟಾ ಮೀಸಲು ಪ್ರದೇಶವನ್ನು ಒಡೆದು ಸುಮಾರು 90 ಲಕ್ಷ ಎಕರೆಯನ್ನು ಕಿತ್ತುಕೊಂಡ ಸರ್ಕಾರ, ಪಡಿತರವನ್ನೂ ಕಡಿತ ಮಾಡಿತು. ಮರುವರ್ಷ ಬರದಿಂದ ಬೆಳೆ ಕೈಕೊಟ್ಟಿತು. ಹಸಿದ ಜನ, ಬೈಸನ್‌ಗಳೂ ಅಗಲಿದ ಹಿರಿಯರೂ ಮರಳಿ ಬರುವರೆಂಬ ಭರವಸೆಯಲ್ಲಿ ಪ್ರೇತನೃತ್ಯವೆಂಬ ಧಾರ್ಮಿಕ ಆಚರಣೆಯನ್ನು ಕೈಗೊಂಡರು. ಅದನ್ನು ಅಪಾಯಕಾರಿ ಮೂಢನಂಬಿಕೆಯೆಂದು ಕರೆದು ಸೈನ್ಯ ಕಳಿಸಿದ್ದು, ಮಳೆ ನೇಗಿಲನ್ನು ಹಿಂಬಾಲಿಸುತ್ತದೆಂಬ ನಂಬಿಕೆಯ ಮೇಲೆ ವಸಾಹತು ಬೆಳೆಯಲು ಬಿಟ್ಟ ಸರ್ಕಾರ. 1890ರ ಡಿಸೆಂಬರ್ 29ರಂದು ದಕ್ಷಿಣ ಡಕೋಟಾದ ವೂಂಡೆಡ್ ನೀ ಎಂಬಲ್ಲಿ ಹೆಂಗಸರು ಮಕ್ಕಳೂ ಸೇರಿದಂತೆ 150ಕ್ಕೂ ಹೆಚ್ಚು ಲಕೋಟಾ ಜನರನ್ನು ಸೈನಿಕರು ಕೊಂದರು. ಈ ಎರಡು ನಂಬಿಕೆಗಳಲ್ಲಿ ಯಾವುದು ಹೆಚ್ಚು ಹಾನಿ ಮಾಡಿತೆಂಬ ಬಗ್ಗೆ ನನಗೆ ಸಂದೇಹವಿಲ್ಲ.

1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮಾವೇಶದಲ್ಲಿ ಪವೆಲ್, ಇರುವ ಭೂಮಿಗೆಲ್ಲ ಸಾಲುವಷ್ಟು ನೀರಿಲ್ಲ, ನೀವು ಮುಂದಿನವರಿಗೆ ನೀರಿನ ವ್ಯಾಜ್ಯಗಳನ್ನು ಕೂಡಿಡುತ್ತಿದ್ದೀರಿ ಎಂದು ಎಚ್ಚರಿಸಿದಾಗ ಸಭೆ ಅವರನ್ನು ಕೂಗಿ ಧಿಕ್ಕರಿಸಿತು. 1922ರಲ್ಲಿ ಕೊಲರಾಡೊ ನದಿಯ ನೀರನ್ನು ಏಳು ರಾಜ್ಯಗಳ ನಡುವೆ ಹಂಚುವ ಒಪ್ಪಂದವಾದಾಗಲೂ, ಅಸಾಧಾರಣವಾಗಿ ಹೆಚ್ಚು ಮಳೆ ಬಿದ್ದ ವರ್ಷಗಳ ಅಳತೆಯನ್ನೇ ಸರಾಸರಿಯೆಂದು ನಂಬಲಾಯಿತು. ನದಿ ಕೊಡಬಲ್ಲದ್ದಕ್ಕಿಂತ ಹೆಚ್ಚಿನ ನೀರು ಕಾಗದದ ಮೇಲೆ ಹಂಚಿಕೆಯಾಯಿತು. ಮೀಸಲು ಪ್ರದೇಶಗಳ ಜೊತೆಗೆ ನೀರಿನ ಹಕ್ಕೂ ಬುಡಕಟ್ಟುಗಳಿಗೆ ಸೇರುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲೇ ತೀರ್ಪು ಕೊಟ್ಟಿದ್ದರೂ, ಆ ಮಾತುಕತೆಗೆ ಯಾವ ಬುಡಕಟ್ಟನ್ನೂ ಕರೆದಿರಲಿಲ್ಲ.