ಕೆಮ್ಮು ಬಿಟ್ಟಿಲ್ಲ, ಸೋಂಕು ಇನ್ನೂ ಹರಡುತ್ತದೆಯೇ?

2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂ ಜ್ವರಕ್ಕೆ ದೇಶದಲ್ಲಿ ಇಬ್ಬರು ಬಲಿಯಾಗಿರುವುದನ್ನು ಕೇಂದ್ರ ಸರ್ಕಾರ ದೃಢಪಡಿಸಿತು. ಒಬ್ಬರು ಹರಿಯಾಣದವರು, ಇನ್ನೊಬ್ಬರು ಹಾಸನ ಜಿಲ್ಲೆಯ ವೃದ್ಧರು. ಅದೇ ತಿಂಗಳ ಆರಂಭದಲ್ಲಿ ಭಾರತೀಯ ವೈದ್ಯಕೀಯ ಸಂಘ ಒಂದು ಸೂಚನೆ ಹೊರಡಿಸಿತ್ತು: ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಎಳೆಯಬಹುದು, ಸುಮ್ಮನೆ ಆಂಟಿಬಯೋಟಿಕ್ ನುಂಗಬೇಡಿ. ಹಾಸನವಿರಲಿ, ಚಿಕ್ಕಮಗಳೂರಿರಲಿ, ಹೊರರೋಗಿ ವಿಭಾಗದಲ್ಲಿ ಚೀಟಿ ಹಿಡಿದು ಕೂತವರಿಗೆ ಇದರಿಂದ ಅರ್ಧ ಉತ್ತರವಷ್ಟೇ ಸಿಕ್ಕಿತು. ಆ ಮೂರು ವಾರದಲ್ಲಿ ಎಷ್ಟು ದಿನ ತಾನು ಮನೆಯ ಅಜ್ಜಿಗೆ, ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯ ಪಕ್ಕದವರಿಗೆ, ಜೀಪಿನಲ್ಲಿ ಮೈಗೆ ಮೈ ತಾಗಿಸಿ ಕೂರುವವರಿಗೆ ಸೋಂಕು ದಾಟಿಸುತ್ತೇನೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಪ್ರಶ್ನೆಗೆ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯಿದೆ. ಮನುಷ್ಯನ ಫ್ಲೂ ವೈರಸ್ಸನ್ನು ಇಂಗ್ಲೆಂಡಿನ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದು 1933ರಲ್ಲಿ. ಅದಕ್ಕೆ ನೆರವಾದದ್ದು ಫೆರೆಟ್ ಎಂಬ, ಮುಂಗುಸಿಯಂತೆ ಕಾಣುವ ಪ್ರಾಣಿ. ಸೋಂಕಿತ ಫೆರೆಟ್ ಒಂದು ಸೀನಿ ಸಂಶೋಧಕನಿಗೇ ಫ್ಲೂ ಅಂಟಿಸಿದ ಪ್ರಸಂಗ 1936ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಸೀನಿನಿಂದ ಹರಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಎಷ್ಟು ದಿನ ಎಂಬುದು ಮಾತ್ರ ಆಗಲೂ ಗೊತ್ತಿರಲಿಲ್ಲ.

ಇಂಥ ಪ್ರಶ್ನೆಗಳನ್ನು ಕೆದಕಲು 1946ರಲ್ಲಿ ಇಂಗ್ಲೆಂಡಿನ ಸಾಲಿಸ್‌ಬರಿ ಪಟ್ಟಣದ ಬಳಿ, ಯುದ್ಧಕಾಲದ ಅಮೆರಿಕನ್ ಆಸ್ಪತ್ರೆಯ ಕಟ್ಟಡಗಳಲ್ಲಿ, ನೆಗಡಿಗೆಂದೇ ಒಂದು ಸಂಶೋಧನಾ ಕೇಂದ್ರ ತೆರೆಯಿತು. ಸ್ವಯಂಸೇವಕರ ಮೂಗಿಗೆ ವೈರಸ್ ಇರುವ ಹನಿ ಬಿಟ್ಟು, ಅವರನ್ನು ಇಬ್ಬರು-ಮೂವರಂತೆ ಬೇರೆ ಬೇರೆ ಇರಿಸಿ, ದಿನಕ್ಕೆ ಎಷ್ಟು ಕಾಗದದ ಕರವಸ್ತ್ರ ಬಳಸಿದರು ಎಂಬುದನ್ನೂ ಲೆಕ್ಕ ಇಡುತ್ತಿದ್ದರು. ಪುಕ್ಕಟೆ ಊಟ-ವಸತಿಯ ರಜೆಯೆಂದು ಖುಷಿಯಿಂದ ಬಂದವರೂ ಇದ್ದರಂತೆ. ಇಂಥ ಕೃತಕ ಸೋಂಕಿನ 56 ಫ್ಲೂ ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಚಿತ್ರ ತಿಳಿಯಾಯಿತು. ವೈರಸ್ ಹೊರಬೀಳುವುದು ಸೋಂಕು ತಗಲಿದ ಎರಡನೇ ದಿನ ತುತ್ತತುದಿಗೆ ಏರುತ್ತದೆ, ಸರಾಸರಿ ಐದು ದಿನದೊಳಗೆ ನಿಲ್ಲುತ್ತದೆ. ಸೋಂಕು ತಗಲಿದವರಲ್ಲಿ ಮೂರರಲ್ಲೊಬ್ಬರಿಗೆ ಯಾವ ಲಕ್ಷಣವೂ ಇರಲಿಲ್ಲ.

ವೈರಸ್ ಜೀವಂತವಾಗಿದೆಯೇ ಎಂದು ತಿಳಿಯಲು ಹಳೆಯ ದಾರಿ ಅದನ್ನು ಬೆಳೆಸುವುದು. ಮೊದಲು ಕೋಳಿ ಮೊಟ್ಟೆಯಲ್ಲಿ, ಬಳಿಕ ನಾಯಿಯ ಅಥವಾ ಮಂಗನ ಮೂತ್ರಪಿಂಡದ ಜೀವಕೋಶಗಳಲ್ಲಿ. ಗಂಟಲಿನ ದ್ರವವನ್ನು ಆ ಕೋಶಗಳ ಮೇಲೆ ಸುರಿದು ದಿನಗಟ್ಟಲೆ ಕಾಯಬೇಕು. ಜೀವಂತ ವೈರಸ್ ಇದ್ದರೆ ಕೋಶಗಳು ದುಂಡಗಾಗಿ, ತಳ ಬಿಟ್ಟು ಮೇಲೇಳುತ್ತವೆ. 1983ರಲ್ಲಿ ಹುಟ್ಟಿದ ಪಿಸಿಆರ್ ಎಂಬ ಪರೀಕ್ಷಾ ವಿಧಾನ ಈ ಕಾಯುವಿಕೆಯನ್ನು ಕೆಲವು ಗಂಟೆಗಳಿಗೆ ಇಳಿಸಿತು, ಜೊತೆಗೆ ಒಂದು ಗೊಂದಲವನ್ನೂ ತಂದಿತು. ಅದು ಹುಡುಕುವುದು ವೈರಸ್ಸಿನ ವಂಶವಾಹಿ ತುಣುಕನ್ನು, ಜೀವವನ್ನಲ್ಲ. ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕು ಹರಡುತ್ತದೆ ಎನ್ನುವುದು, ಕೊಯ್ಲಾದ ಗದ್ದೆಯ ಕೂಳೆ ನೋಡಿ ಪೈರು ನಿಂತಿದೆ ಎಂದಂತೆ.

ಈ ಗೊಂದಲಕ್ಕೆ ಜನ ಬೆಲೆ ತೆತ್ತದ್ದು 2020ರಲ್ಲಿ. ಆರಂಭದಲ್ಲಿ ಎರಡು ನೆಗೆಟಿವ್ ವರದಿ ಬರುವ ತನಕ ಕೋವಿಡ್ ರೋಗಿಗೆ ಬಿಡುಗಡೆಯಿರಲಿಲ್ಲ; ಜ್ವರ ಬಿಟ್ಟು ಆರಾಮಾಗಿದ್ದವರೂ ವಾರಗಟ್ಟಲೆ ವಾರ್ಡಿನಲ್ಲಿದ್ದರು. ಅಷ್ಟರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಂಬತ್ತು ರೋಗಿಗಳ ಮಾದರಿ ಬೆಳೆಸಿ ನೋಡಿದವರಿಗೆ, ಲಕ್ಷಣ ಶುರುವಾಗಿ ಎಂಟು ದಿನ ಕಳೆದ ಮೇಲೆ ಜೀವಂತ ವೈರಸ್ ಸಿಗಲಿಲ್ಲ, ಪಿಸಿಆರ್ ಮಾತ್ರ ಪಾಸಿಟಿವ್ ಎನ್ನುತ್ತಲೇ ಇತ್ತು. 2020ರ ಮೇ ತಿಂಗಳಲ್ಲಿ ಭಾರತದ ನಿಯಮವೂ ಬದಲಾಯಿತು. ಸೌಮ್ಯ ಲಕ್ಷಣದವರಿಗೆ ಹತ್ತು ದಿನ, ಕೊನೆಯ ಮೂರು ದಿನ ಜ್ವರ ಇರಬಾರದು, ಮರುಪರೀಕ್ಷೆ ಬೇಡ. 2022ರ ಜನವರಿಯಲ್ಲಿ ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದ ಅವಧಿ ಏಳು ದಿನಕ್ಕೆ ಇಳಿಯಿತು. ನಿಯಮ ಬದಲಾದರೂ ನೆಗೆಟಿವ್ ವರದಿ ಕೇಳುವ ಊರಿನ ಅಭ್ಯಾಸ ಅಷ್ಟು ಬೇಗ ಹೋಗಲಿಲ್ಲ ಎನ್ನುವುದು ಬೇರೆ ಮಾತು.

ಹಾಗಾದರೆ ಯಾವುದನ್ನು ನೋಡಬೇಕು? ನನ್ನ ಮಟ್ಟಿಗೆ ಮೊದಲನೆಯದು ಲಕ್ಷಣ ಶುರುವಾದ ದಿನ. ಉಳಿದವೆಲ್ಲ ಅದರ ಹಿಂದೆ. ಮಕ್ಕಳು ಫ್ಲೂ ವೈರಸ್ಸನ್ನು ದೊಡ್ಡವರಿಗಿಂತ ಹೆಚ್ಚು ದಿನ ಹೊರಹಾಕುತ್ತಾರೆ. ಕೆಮ್ಮಿನ ಆರ್ಭಟ ಅಷ್ಟು ನಂಬಿಕಸ್ಥ ಸಾಕ್ಷಿಯಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 142 ಫ್ಲೂ ರೋಗಿಗಳ ಉಸಿರನ್ನು ಸಂಗ್ರಹಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೂಕ್ಷ್ಮ ತುಂತುರಿನ ಶೇ 39ರಷ್ಟು ಮಾದರಿಗಳಲ್ಲಿ ಜೀವಂತ ವೈರಸ್ ಇತ್ತು. ಹೆಚ್ಚು ಕೆಮ್ಮಿದವರಿಂದ ಹೆಚ್ಚು ವೈರಸ್ ಬಂದದ್ದು ನಿಜ, ಆದರೆ ಅದು ಹೊರಬರಲು ಕೆಮ್ಮಲೇಬೇಕು, ಸೀನಲೇಬೇಕು ಎಂದೇನೂ ಇರಲಿಲ್ಲ. ದಿನ ಕಳೆದಂತೆ ಪ್ರಮಾಣ ಇಳಿಯುತ್ತಿತ್ತು. ಬ್ರಿಟನ್ನಿನಲ್ಲಿ 36 ಆರೋಗ್ಯವಂತ ಯುವಜನರ ಮೂಗಿಗೆ ಕೊರೊನಾ ವೈರಸ್ ಬಿಟ್ಟು ನಡೆಸಿದ ಪ್ರಯೋಗದಲ್ಲಿ 18 ಮಂದಿಗೆ ಸೋಂಕು ತಗಲಿತು. ಅವರಲ್ಲಿ ವೈರಸ್ಸಿನ ಪ್ರಮಾಣಕ್ಕೂ ಲಕ್ಷಣದ ತೀವ್ರತೆಗೂ ತಾಳೆಯಾಗಲಿಲ್ಲ. ಹೆಚ್ಚು ನರಳಿದವನೇ ಹೆಚ್ಚು ಹರಡುತ್ತಾನೆ ಎನ್ನುವಂತಿಲ್ಲ.

ನಮ್ಮ ಕಡೆಯ ಬದುಕು ಈ ಲೆಕ್ಕಕ್ಕೆ ಸರಿಯಾಗಿ ತಿರುಗುಮುರುಗು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಮೈ ಬಿಸಿಯಾದ ಮೊದಲ ದಿನ 'ಥಂಡಿ ಅಷ್ಟೇ' ಎಂದು ಮೆಣಸಿನ ಕಷಾಯ ಕುಡಿದು ಕೆಲಸಕ್ಕೆ ಹೋಗುತ್ತಾರೆ, ಏಕೆಂದರೆ ರಜೆ ಹಾಕಿದ ದಿನಕ್ಕೆ ಕೂಲಿಯಿಲ್ಲ. ನಾಲ್ಕನೇ ದಿನ ಕೆಮ್ಮು ಬಿಗಿದಾಗ ಆಸ್ಪತ್ರೆಗೆ ಬರುತ್ತಾರೆ, ಆಗ ವೈದ್ಯರು ಮಾಸ್ಕ್ ಹಾಕಿ, ವಿಶ್ರಾಂತಿ ತೆಗೆದುಕೊಳ್ಳಿ ಎನ್ನುತ್ತಾರೆ. ಮಾತು ಸರಿ, ಹೊತ್ತು ಮೀರಿದೆ. ಹಾಸನಾಂಬೆಯ ದರ್ಶನಕ್ಕೆ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವವರ ನಡುವೆಯೂ ಅಷ್ಟೇ: ಗೊಗ್ಗರು ಕೆಮ್ಮಿನವರನ್ನು ಎಲ್ಲರೂ ತಿರುಗಿ ನೋಡುತ್ತಾರೆ, ನಿನ್ನೆ ರಾತ್ರಿ ಗಂಟಲು ಕೆರೆಯಲು ಶುರುವಾದವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ಒಂದು ಎಚ್ಚರ. ಕೊಪ್ಪ, ನರಸಿಂಹರಾಜಪುರದ ಕಡೆ ಬೇಸಿಗೆಯಲ್ಲಿ ಬರುವ ಜ್ವರವೆಲ್ಲ ಫ್ಲೂ ಅಲ್ಲ. ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಅದಕ್ಕೆ ಬೇರೆಯೇ ರಕ್ತಪರೀಕ್ಷೆ ಬೇಕು.

ದಿನ ಎಣಿಸುವ ಈ ಲೆಕ್ಕ ಅನ್ವಯಿಸದವರೂ ಇದ್ದಾರೆ. ಕ್ಯಾನ್ಸರ್‌ಗೆ ಕಿಮೊಥೆರಪಿ ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುತ್ತಿರುವವರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವಂತ ವೈರಸ್ ಹೊರಹಾಕಿದ ಉದಾಹರಣೆಗಳಿವೆ. ಅಂಥವರ ವಿಷಯದಲ್ಲಿ ಐದು, ಏಳು, ಹತ್ತು ಎಂಬ ಗಡುವುಗಳನ್ನು ಬದಿಗಿಟ್ಟು, ಮತ್ತೆ ಪರೀಕ್ಷೆ ಮಾಡಿಸಿಯೇ ವೈದ್ಯರು ತೀರ್ಮಾನಿಸಬೇಕಾಗುತ್ತದೆ.